ನುಂಗಿದ್ದೀನಿ ಕಣೇ

ಫೆಬ್ರವರಿ 12, ಸೋಮವಾರ

ಆರು ದಿನ ಆಸ್ಪತ್ರೆಯ ಮಂಚದ ಮೇಲೆ ಮಹಾರಾಜರಂತೆ ಒರಗಿದ್ದ ನಮ್ಮ ಯಜಮಾನ ಮಹಾಶಯರು ಇವತ್ತು ಮನೆಗೆ ದಯಮಾಡಿಸಿದರು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತಂತೆ. ಮಣಿಕಟ್ಟಿನಿಂದ ತಂತಿ ತೂರಿಸಿ, ಪೆನ್ನಿನ ಸ್ಪ್ರಿಂಗಿನಂಥ ಒಂದು ಸ್ಟೆಂಟನ್ನು ಒಳಗೆ ಕೂರಿಸಿದ್ದಾರೆ. ಮೂವತ್ತು ವರ್ಷ ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಸಿಗರೇಟು ಹಿಡಿದು ಅಂಗಡಿಗಳ ಬೋರ್ಡು ಬರೆದವರಿಗೆ ಇದು ಬಹಳ ಆಶ್ಚರ್ಯವಾಯಿತಂತೆ. ನನಗೇನೂ ಆಗಲಿಲ್ಲ.

ಹೊರಡುವ ಮುನ್ನ ದೊಡ್ಡ ಡಾಕ್ಟರು ಬಂದು ಎರಡು ಬಗೆಯ ಮಾತ್ರೆ ಎತ್ತಿ ತೋರಿಸಿದರು. "ಈ ಗುಲಾಬಿ ಬಣ್ಣದ್ದಿದೆಯಲ್ಲ, ಇದು ಬಹಳ ಮುಖ್ಯ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋದು ಇದೇ. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ."

ಮಹಾಶಯರು ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತಾರು ವರ್ಷದಿಂದ ನಗರದ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದೇನೆ. ಟಿಕೆಟ್ ಇಲ್ಲದವನು ಮೊದಲು ತಲೆಯಾಡಿಸುತ್ತಾನೆ, ಆಮೇಲೆ ಜೇಬು ತಡಕುತ್ತಾನೆ, ಕೊನೆಗೆ ಕಿಟಕಿಯ ಕಡೆ ನೋಡಿ "ಗಾಳಿಗೆ ಹಾರಿಹೋಯ್ತು" ಅನ್ನುತ್ತಾನೆ.

ಕೆಲಸದಲ್ಲಿ ದಿನಾ ವರದಿ ಬರೆದು ರೂಢಿ. ಮನೆಯಲ್ಲೂ ಒಂದು ಇರಲಿ ಎಂದು ಇದನ್ನು ತೆರೆದಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ.

ಫೆಬ್ರವರಿ 20, ಮಂಗಳವಾರ

ರೋಗಿಯನ್ನು ನೋಡಲು ಬರುವವರ ಕಾಟ ರೋಗಕ್ಕಿಂತ ಹೆಚ್ಚು. ಮೇಲಿನ ಮನೆಯಾಕೆ ಅರ್ಧ ಗಂಟೆ ಕೂತು, ತನ್ನ ಮಾವ ಎದೆನೋವಿನಿಂದ ಹೇಗೆ ಹೇಗೆ ಒದ್ದಾಡಿ ಸತ್ತರೆಂದು ಬಿಡಿಸಿ ಬಿಡಿಸಿ ಹೇಳಿ, "ಧೈರ್ಯವಾಗಿರಿ" ಎಂದು ಎದ್ದು ಹೋದಳು. ಬಣ್ಣದ ಅಂಗಡಿಯವನು ಬಂದು ಬೆಳ್ಳುಳ್ಳಿಯ ಮಹಿಮೆ ಹೇಳಿದ. ಮಹಾಶಯರು ಇಬ್ಬರಿಗೂ "ಹೌದು ಹೌದು, ಹಾಗೇ ಮಾಡ್ತೀನಿ" ಎಂದರು. ಇವರ ಸ್ವಭಾವವೇ ಅದು. ಎದುರಿಗಿದ್ದವರಿಗೆ ಹಿತವಾಗುವುದನ್ನು ಹೇಳಿ ಕಳಿಸುವುದು. ಹೊರಗೆ ತಿಂದು ಬಂದು "ಊಟ ಮಾಡಿಲ್ಲ" ಎನ್ನುತ್ತಾರೆ, ನಾನು ಬಡಿಸಿದ್ದನ್ನು ಬೇಸರವಾಗದಿರಲಿ ಎಂದು ಮತ್ತೆ ತಿನ್ನುತ್ತಾರೆ. ಇವರ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ. ಅದೇ ಅದರ ದೊಡ್ಡ ದೋಷ. ಹಿಡಿದರೂ ಶಿಕ್ಷೆ ಕೊಡುವ ಹಾಗಿಲ್ಲ.

ಬೆಳಿಗ್ಗೆ ಆರಕ್ಕೆ ನಾನು ಡಿಪೋಗೆ ಹೊರಡುವಾಗ ಇವರು ಇನ್ನೂ ಎದ್ದಿರುವುದಿಲ್ಲ. ಸಂಜೆ ಬಂದು "ಮಾತ್ರೆ?" ಎಂದರೆ "ಆಯ್ತು" ಎನ್ನುತ್ತಾರೆ. ಆಯ್ತಂತೆ.

ಫೆಬ್ರವರಿ 28, ಬುಧವಾರ

ಇವತ್ತು ಬೇಗ ಬಂದೆ. ಹಿತ್ತಿಲ ಕೋಣೆಯಲ್ಲಿ ಬಣ್ಣದ ವಾಸನೆಯ ಜೊತೆ ಇನ್ನೊಂದು ವಾಸನೆ.

"ಸಿಗರೇಟು ಸೇದಿದ್ರಾ?"

"ಇಲ್ಲಪ್ಪ. ಪಕ್ಕದ ಮನೆಯವರದ್ದು ಇರ್ಬೇಕು."

ಪಕ್ಕದ ಮನೆಯಲ್ಲಿರುವುದು ಎಂಬತ್ತು ದಾಟಿದ ಮುದುಕಿ. ಸುಮ್ಮನೆ ಮುಖ ನೋಡುತ್ತಾ ನಿಂತೆ. ಬಸ್ಸಿನಲ್ಲೂ ಹಾಗೇ ಮಾಡುವುದು, ಬೈಯುವ ಅಗತ್ಯವೇ ಬೀಳುವುದಿಲ್ಲ. ಎಣಿಸಿ ಹತ್ತು ಕ್ಷಣಕ್ಕೆ ಬಾಯಿಬಿಟ್ಟರು. "ಒಂದೇ ಒಂದು. ಅದೂ ಅರ್ಧ."

ಎದೆಯಲ್ಲಿ ಸ್ಪ್ರಿಂಗ್ ಇಟ್ಟುಕೊಂಡು ಹೊಗೆ ಬಿಡುವ ಗಂಡಸಿನ ಇನ್ಯಾವ ಮಾತನ್ನು ನಂಬಲಿ? ಮಗಳಿಗೆ ಫೋನ್ ಮಾಡಿ ಹೇಳಿದೆ. "ಅಮ್ಮ, ಅಪ್ಪ ಒಪ್ಕೊಂಡ್ರಲ್ಲ, ಬಿಡು" ಎಂದಳು. ಅವಳು ಯಾವತ್ತೂ ಅಪ್ಪನ ಕಡೆಯ ವಕೀಲೆ.

ಮಾರ್ಚ್ 6, ಬುಧವಾರ

ಹನ್ನೊಂದು ಗಂಟೆಗೆ ಬಸ್ಸಿನಲ್ಲಿದ್ದಾಗ ಮೇಲಿನ ಮನೆಯಾಕೆಯ ಫೋನ್. ಬಾಗಿಲ ಬಳಿ ಕುಸಿದು ಕೂತಿದ್ದರಂತೆ, ಬೆವರಿನಲ್ಲಿ ತೊಯ್ದು. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಒಳಗೆ ಕರೆದೊಯ್ದಿದ್ದರು. ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿದೆಯಂತೆ. ಬಲೂನು ಹಾಕಿ ದಾರಿ ಬಿಡಿಸಿದರು.

ದೊಡ್ಡ ಡಾಕ್ಟರು ಹೊರಗೆ ಬಂದವರೇ ಕೇಳಿದ ಮೊದಲ ಪ್ರಶ್ನೆ: "ಮಾತ್ರೆ ತಪ್ಪಿಸಿದ್ರಾ?"

"ತಪ್ಪಿಸಿರ್ತಾರೆ. ಬರ್ಕೊಳ್ಳಿ" ಎಂದೆ. "ಸಿಗರೇಟು ಸೇದಿ ಸೇದಿಲ್ಲ ಅಂದವರು. ಮಾತ್ರೆ ನುಂಗಿಲ್ಲ. ಇವರನ್ನ ನನಗಿಂತ ಚೆನ್ನಾಗಿ ಬಲ್ಲವರಿಲ್ಲ."

ಬರೆದುಕೊಂಡರು. ಪಕ್ಕದಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಹೊಸ ಡಾಕ್ಟರಮ್ಮ ಏನೋ ಕೇಳಲು ಬಾಯಿ ತೆರೆದಳು. ದೊಡ್ಡವರು ಮುಂದಿನ ಮಂಚಕ್ಕೆ ನಡೆದದ್ದರಿಂದ ಮುಚ್ಚಿಕೊಂಡಳು.

ಸಂಜೆ ಒಳಗೆ ಬಿಟ್ಟರು. ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು. ನಾನು ಡಾಕ್ಟರಿಗೆ ಹೇಳಿದ್ದನ್ನು ಯಾರೋ ಇವರಿಗೆ ಮುಟ್ಟಿಸಿದ್ದಾರೆ. "ಒಂದು ದಿನಾನೂ ಬಿಟ್ಟಿಲ್ಲ. ನುಂಗಿದ್ದೀನಿ ಕಣೇ" ಎಂದರು. ಧ್ವನಿಯೇ ಇರಲಿಲ್ಲ.

ಸಾಯುವ ಹೊತ್ತಿನಲ್ಲೂ ಕಾಗೆ ಹಾರಿಸುವುದು ಬಿಡಲಿಲ್ಲವಲ್ಲ ಎಂದುಕೊಂಡೆ.

ಮಾರ್ಚ್ 9, ಶನಿವಾರ

ರಜೆ ಹಾಕಿ ಮನೆ ಶೋಧಿಸಿದೆ. ಮೊದಲು ಮಾತ್ರೆಯ ಪಟ್ಟಿಗಳು. ಖಾಲಿಯಾದ ಗೂಡುಗಳನ್ನು ಎಣಿಸಿದೆ, ದಿನಗಳನ್ನು ಎಣಿಸಿದೆ. ಸರಿಯಾಗಿ ತಾಳೆಯಾಯಿತು. ಹಾಗಾದರೆ ಬಿಚ್ಚಿ ಎಸೆದಿದ್ದಾರೆ. ಹೂಕುಂಡದ ಮಣ್ಣು ಕೆದಕಿದೆ. ಬಚ್ಚಲ ಜಾಲರಿ ಎತ್ತಿದೆ. ಹಿತ್ತಿಲ ಕೋಣೆಯ ಬಣ್ಣದ ಡಬ್ಬಿಗಳ ಮುಚ್ಚಳ ತೆಗೆದು ಕೋಲು ಆಡಿಸಿದೆ. ಪ್ಯಾಂಟು, ಅಂಗಿ, ಹಳೆಯ ಚಪ್ಪಲಿಯ ಕೆಳಗೆ.

ಒಂದು ಮಾತ್ರೆಯೂ ಸಿಗಲಿಲ್ಲ. ಸಿಕ್ಕಿದ್ದು ನಾಲ್ಕು ಸಿಗರೇಟು ಉಳಿದ ಒಂದು ಪೊಟ್ಟಣ, ಮಗಳ ಶಾಲೆಯ ಕಾಲದ ಬಳಪದ ಪೆಟ್ಟಿಗೆ. ಪೊಟ್ಟಣ ಹಿಸುಕಿ ಹಾಕಿದೆ.

ಇಷ್ಟು ಜಾಣತನ ಇವರಿಗೆ ಎಲ್ಲಿಂದ ಬಂತು? ಕುಂಚ ಎಲ್ಲಿಟ್ಟೆ ಎಂದು ದಿನಾ ಹುಡುಕುವವರು.

ಮಾರ್ಚ್ 14, ಗುರುವಾರ

ನಿನ್ನೆ ಮನೆಗೆ ಬಂದರು. ಅದೇ ಗುಲಾಬಿ ಮಾತ್ರೆ. "ಈ ಸಲ ನೀವೇ ಎದುರಿಗೆ ನಿಂತು ಕೊಡಿ" ಎಂದಿದ್ದಾರೆ ದೊಡ್ಡ ಡಾಕ್ಟರು. ಮಧ್ಯಾಹ್ನದ ಪಾಳಿ ಹಾಕಿಸಿಕೊಂಡೆ. ಬೆಳಿಗ್ಗೆ ಎಂಟಕ್ಕೆ ಎದುರಿಗೆ ನಿಂತು ಮಾತ್ರೆ, ಒಂದು ಲೋಟ ನೀರು.

"ಬಾಯಿ ತೆಗೀರಿ."

ತೆಗೆದರು.

"ನಾಲಿಗೆ ಎತ್ತಿ."

ಎತ್ತಿದರು. ದವಡೆಯ ಎರಡೂ ಬದಿ ಬೆರಳಲ್ಲಿ ಸರಿಸಿ ನೋಡಿದೆ. ಆಮೇಲೆ ಕಾಲು ಗಂಟೆ ಎದುರಿಗೇ ಕೂರಿಸಿಕೊಂಡೆ, ಎದ್ದು ಹೋಗಿ ಉಗುಳಬಾರದಲ್ಲ. ಇಬ್ಬರೂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆವು.

ಮಾರ್ಚ್ 15, ಶುಕ್ರವಾರ

ನುಂಗಿದರು. ನೋಡಿದೆ.

ಮಾರ್ಚ್ 18, ಸೋಮವಾರ

ನುಂಗಿದರು. ನಾನು ಹೇಳುವ ಮೊದಲೇ ಬಾಯಿ ತೆರೆದರು. ಇದೊಂದು ಹೊಸ ನಾಟಕ.

ಮಾರ್ಚ್ 22, ಶುಕ್ರವಾರ

ಮಾತ್ರೆ ನುಂಗಿ, ನಾಲಿಗೆ ಎತ್ತಿ ತೋರಿಸಿ, ಕಾಲು ಗಂಟೆಯ ನಡುವೆ ಕೇಳಿದರು: "ನಾನು ಹೇಳಿದ್ದರಲ್ಲಿ ನೀನು ಯಾವುದಾದ್ರೂ ಒಂದನ್ನ ನಂಬಿದ್ದೀಯಾ? ಇಷ್ಟು ವರ್ಷದಲ್ಲಿ?"

"ನಂಬೋ ಹಾಗಿದ್ದದ್ದು ಯಾವುದು, ನೀವೇ ಹೇಳಿ."

ಬಹಳ ಹೊತ್ತು ಯೋಚಿಸಿದರು. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದರು. ಆಮೇಲೆ "ಇರ್ಲಿ ಬಿಡು" ಎಂದರು. ಎದ್ದು ಹೋಗಲಿಲ್ಲ. ಇನ್ನೂ ನಾಲ್ಕು ನಿಮಿಷ ಬಾಕಿ ಇತ್ತು.

ಉತ್ತರ ಇಲ್ಲದವರೆಲ್ಲ ಕೊನೆಗೆ ಇರ್ಲಿ ಬಿಡು ಅನ್ನುವವರೇ.

ಮಾರ್ಚ್ 29, ಶುಕ್ರವಾರ

ಎಂಟಕ್ಕೆ ಮಾತ್ರೆ. ಎಂಟೂವರೆಗೆ ಲೋಟ ತೊಳೆಯುತ್ತಿದ್ದೆ. ಹಿಂದಿನಿಂದ ಕುರ್ಚಿ ಸರಿದ ಸದ್ದು. ತಿರುಗಿದರೆ ಎದೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನೋವಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು ಆ ಕಣ್ಣಲ್ಲಿ, ಅದೂ ಸಾವಿನ ಹೆದರಿಕೆಯಲ್ಲ. "ನುಂಗಿದ್ದೀನಿ. ನೀನೇ ನೋಡ್ದೆ" ಎಂದರು.

ನೋಡಿದ್ದೆ. ಹದಿನಾರು ದಿನ, ಹದಿನಾರು ಮಾತ್ರೆ.

ಆಸ್ಪತ್ರೆಯಲ್ಲಿ ಮತ್ತೆ ಅದೇ ಬಾಗಿಲು, ಅದೇ ಬೆಂಚು. ಮತ್ತೆ ಹೆಪ್ಪು. ದೊಡ್ಡ ಡಾಕ್ಟರು ಫೈಲು ಮಗುಚುತ್ತಾ ಹೊರಗೆ ಬಂದರು. "ಮತ್ತೆ ತಪ್ಪಿಸಿದ್ದಾರೆ."

"ಇಲ್ಲ. ನಾನೇ ಕೊಟ್ಟಿದ್ದೀನಿ. ಬಾಯಿ ತೆಗೆಸಿ ನೋಡಿದ್ದೀನಿ."

"ನೋಡಿ ಅಮ್ಮ, ಮನೆಯವರು ಹಾಗೇ ಹೇಳ್ತಾರೆ. ನಿಮ್ಮನ್ನ ತಪ್ಪು ತಿಳ್ಕೊಳ್ಳಲ್ಲ. ಇದೇ ಮಾತ್ರೆ ಮುಂದುವರಿಸೋಣ, ನಮ್ಮಲ್ಲಿ ಒಬ್ಬರು ಕೂರಿಸಿಕೊಂಡು ಬುದ್ಧಿ ಹೇಳ್ತಾರೆ ಅವರಿಗೆ."

ಎಂಥ ನಗು ಅದು. ಕನಿಕರದ ನಗು. ತುಟಿ ಮಾತ್ರ ನಗುತ್ತದೆ, ಕಣ್ಣು ಆಗಲೇ ಮುಂದಿನವರ ಮೇಲಿರುತ್ತದೆ. ಸಮವಸ್ತ್ರ ಹಾಕಿಕೊಂಡ ಮನುಷ್ಯರಿಗೆ ಎಷ್ಟು ಸೊಕ್ಕು.

ಮಾರ್ಚ್ 30, ಶನಿವಾರ

ಬೆಳಿಗ್ಗೆ ಏಳರಿಂದ ವಾರ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ದಾದಿ ಗುಲಾಬಿ ಮಾತ್ರೆ ತಂದಳು. "ಇದು ಬೇಡ" ಎಂದೆ. "ದಾರಿ ಬಿಡಿ" ಎಂದಳು. ಬಿಡಲಿಲ್ಲ. ಇಪ್ಪತ್ತಾರು ವರ್ಷ ಬಸ್ಸಿನ ಬಾಗಿಲಿಗೆ ಅಡ್ಡ ನಿಂತ ದೇಹ ಇದು, ಒಬ್ಬ ದಾದಿಗೆ ಜರುಗುವುದಿಲ್ಲ. ಅವಳು ಹೋಗಿ ಹೊಸ ಡಾಕ್ಟರಮ್ಮನನ್ನು ಕರೆತಂದಳು.

ಆಕೆ ನನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಳು. ಅದೇ ದೊಡ್ಡದೆನಿಸಿತು. "ನಿಜ ಹೇಳಿ, ನೀವೇ ನೋಡಿದ್ರಾ?"

"ಕಣ್ಣಾರೆ. ನಾಲಿಗೆ ಎತ್ತಿಸಿ."

"ಹಾಗಾದ್ರೆ ಕೇಳಿ. ಈ ಮಾತ್ರೆ ಹೊಟ್ಟೆಗೆ ಹೋದಾಗ ಅದಿನ್ನೂ ಔಷಧಿನೇ ಅಲ್ಲ. ಯಕೃತ್ತಿನಲ್ಲಿ ಒಂದು ಕಿಣ್ವ ಇದೆ. ಅದು ಇದನ್ನ ಬದಲಾಯಿಸಿದ ಮೇಲೇ ಇದಕ್ಕೆ ಶಕ್ತಿ ಬರೋದು. ಆ ಕಿಣ್ವ ಮಾಡೋ ಜೀನು ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದಿರುತ್ತೆ. ಕೆಲವರಲ್ಲಿ ಎರಡೂ ಕೆಲಸ ಮಾಡಲ್ಲ. ಅಂಥವರು ದಿನಾ ನುಂಗಿದ್ರೂ ಮಾತ್ರೆಯಿಂದ ಸಿಗಬೇಕಾದ ರಕ್ಷಣೆ ಸಿಗಲ್ಲ."

"ಇದನ್ನ ಹೋದ ಸಲವೇ ಯಾಕೆ ನೋಡ್ಲಿಲ್ಲ?"

"ಎಲ್ಲರಿಗೂ ಈ ಪರೀಕ್ಷೆ ಮಾಡಲ್ಲ ಅಮ್ಮ. ಮಾತ್ರೆ ತಗೊಂಡೂ ಕಟ್ಕೊಂಡ್ರೆ ಅನುಮಾನ ಬರುತ್ತೆ. ಆದ್ರೆ ಫೈಲಲ್ಲಿ..." ನಿಲ್ಲಿಸಿದಳು. ನಾನು ಕೈ ಚಾಚಿದೆ. ಕೊಟ್ಟಳು. ಮಾರ್ಚ್ ಆರರ ಹಾಳೆ. "ರೋಗಿ ಮಾತ್ರೆ ತೆಗೆದುಕೊಂಡಿಲ್ಲ. ಪತ್ನಿಯ ಹೇಳಿಕೆ."

ಫೈಲು ವಾಪಸ್ ಕೊಟ್ಟು, "ನಾನು ನೋಡಿರ್ಲಿಲ್ಲ. ಊಹೆ ಮಾಡಿ ಹೇಳ್ದೆ" ಎಂದೆ. ಆಕೆ ಬರೆದುಕೊಂಡಳು. ಒಳಗೆ ಹೋಗಿ ದೊಡ್ಡವರ ಜೊತೆ ಎಷ್ಟೋ ಹೊತ್ತು ವಾದಿಸಿದಳು, ಗಾಜಿನಾಚೆ ಕಾಣುತ್ತಿತ್ತು. ಹತ್ತು ಗಂಟೆಗೆ ರಕ್ತ ತೆಗೆದುಕೊಂಡು ಹೋದರು. ಫಲಿತಾಂಶ ಬರುವವರೆಗೆ ಬೇರೆ ಮದ್ದು, ಇದು ಬೇಡ ಎಂದಾಯಿತು.

ಇವರು ಮಲಗಿದ್ದರು. ಕೈಯ ಮೇಲೆಲ್ಲ ಸೂಜಿ ಚುಚ್ಚಿದ ನೀಲಿ ಕಲೆ. ಆ ಕೈಗೆ ಇವತ್ತು ಬಣ್ಣದ ವಾಸನೆ ಇರಲಿಲ್ಲ.

ಏಪ್ರಿಲ್ 4, ಗುರುವಾರ

ಬಂತು. ಎರಡೂ ಜೀನು ಕೆಟ್ಟಿವೆ. ಇವರ ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ.

ದೊಡ್ಡ ಡಾಕ್ಟರು ಕಾಗದ ಹಿಡಿದು ಬಂದು, ತಾವೇ ಕಂಡುಹಿಡಿದವರಂತೆ ನನಗೆ ಕಿಣ್ವದ ಕಥೆ ಮೊದಲಿನಿಂದ ಹೇಳಿದರು. ಕೊನೆಯವರೆಗೂ ಕೇಳಿಸಿಕೊಂಡೆ. ಹೊಸ ಡಾಕ್ಟರಮ್ಮ ಅವರ ಬೆನ್ನ ಹಿಂದೆ ನಿಂತು ನೆಲ ನೋಡುತ್ತಿದ್ದಳು. ಯಕೃತ್ತಿನ ಹಂಗಿಲ್ಲದ ಬೇರೆ ಮಾತ್ರೆ ಶುರು ಮಾಡಿದ್ದಾರೆ, ದಿನಕ್ಕೆ ಎರಡು ಸಲ. ಸ್ವಲ್ಪ ಉಬ್ಬಸ ಆದೀತು, ಗಾಯವಾದರೆ ರಕ್ತ ಬೇಗ ನಿಲ್ಲದು ಎಂದಳು ಆಕೆ. ಇನ್ನೊಂದನ್ನೂ ಹೇಳಿದಳು: ಸ್ಟೆಂಟಿನೊಳಗೆ ಎರಡು ಸಲ ಕಟ್ಟಿಕೊಂಡದ್ದರಿಂದ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿದೆ. ಅದು ಮತ್ತೆ ಬರುವುದಿಲ್ಲ. ಭಾರ ಎತ್ತುವುದು, ಏಣಿ ಹತ್ತುವುದು ಇನ್ನು ಇಲ್ಲ.

ಮೊದಲ ಸಲ ಹೆಪ್ಪುಗಟ್ಟಿದ್ದಕ್ಕೆ ಯಾರೂ ಹೊಣೆಯಲ್ಲ. ಎರಡನೆಯದಕ್ಕೆ ನಾನು.

ಇವರಿಗೆ ಹೇಳಿದೆ. ಕುಣಿದಾಡುತ್ತಾರೆ, ನೋಡಿದೆಯಾ ಎನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿ, ಕೇಳಿಸಿಕೊಳ್ಳೋಣ ಎಂದೇ ನಿಂತಿದ್ದೆ. ಗೋಡೆಯ ಕಡೆ ಮುಖ ತಿರುಗಿಸಿದರು. ಹೆಗಲು ಅಲುಗಿತು. ಆಮೇಲೆ, "ಫೈಲಲ್ಲಿ ಬರ್ದಿರೋದನ್ನ ಹೊಡೆದು ಹಾಕಿಸ್ತೀಯಾ?" ಎಂದರು. ಅಷ್ಟೇ ಕೇಳಿದ್ದು.

ಏಪ್ರಿಲ್ 5, ಶುಕ್ರವಾರ

ದಾಖಲೆ ಕೋಣೆ ನೆಲಮಾಳಿಗೆಯಲ್ಲಿದೆ. ಗುಮಾಸ್ತ ಹಲ್ಲುಕಡ್ಡಿ ಕಚ್ಚಿಕೊಂಡು, "ಹೊಡೆದು ಹಾಕೋ ಹಾಗಿಲ್ಲ ಮೇಡಂ. ದಾಖಲೆ ಅಂದ್ರೆ ದಾಖಲೆ" ಎಂದ. ಈ ಮಾತನ್ನು ನಾನೇ ಸಾವಿರ ಸಲ ಹೇಳಿದ್ದೇನೆ. ಕೇಳಿಸಿಕೊಂಡರೆ ಇಷ್ಟು ಕೆಟ್ಟದಾಗಿರುತ್ತದೆಂದು ಗೊತ್ತಿರಲಿಲ್ಲ.

"ಸರಿ. ಅದರ ಜೊತೆ ಇನ್ನೊಂದು ಹಾಳೆ ಸೇರಿಸಿ." ಅಲ್ಲೇ ನಿಂತು ಬರೆದೆ. ಮಾರ್ಚ್ ಆರರಂದು, ಮೊದಲ ಸಲ ರಕ್ತ ಹೆಪ್ಪುಗಟ್ಟಿದ ದಿನ ನಾನು ಕೊಟ್ಟ ಹೇಳಿಕೆ ಸುಳ್ಳು, ನೋಡಿರದ ಸಂಗತಿಯನ್ನು ನೋಡಿದವಳ ಹಾಗೆ ಹೇಳಿದ್ದೇನೆ, ಇವರು ಪ್ರತಿದಿನ ಮಾತ್ರೆ ತೆಗೆದುಕೊಂಡಿದ್ದಾರೆ.

ಗುಮಾಸ್ತ ಓದಿ ಹಲ್ಲುಕಡ್ಡಿ ಹೊರಗೆ ತೆಗೆದ. "'ಸುಳ್ಳು' ಯಾಕೆ? 'ತಪ್ಪು' ಅಂತ ಬರೀರಿ, ಸಾಕು."

"ನೀವು ಸೀಲ್ ಒತ್ತಿ."

ಒತ್ತಿದ. ಒಂದು ಪ್ರತಿ ಮಾಡಿಸಿ ಮೇಲೆ ಇವರಿಗೆ ತಂದುಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಹೆಪ್ಪುಗಟ್ಟಿದ ಅನ್ನೋದರಲ್ಲಿ ಒತ್ತಕ್ಷರ ಬಿಟ್ಟಿದ್ದೀಯ" ಎಂದರು. ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡರು.

ಏಪ್ರಿಲ್ 10, ಬುಧವಾರ

ಮನೆಗೆ ಬಂದೆವು. ಮೆಟ್ಟಿಲ ಬಳಿ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಬೆಳಿಗ್ಗೆ ಎಂಟಕ್ಕೆ ಒಂದು ಮಾತ್ರೆ, ರಾತ್ರಿ ಎಂಟಕ್ಕೆ ಒಂದು. ಡಬ್ಬಿ ಅವರ ಕೈಗೇ ಕೊಟ್ಟಿದ್ದೇನೆ. ನನಗೆ ಬೇರೆ ಕೆಲಸವಿಲ್ಲವೇ.

ಮಗಳ ಫೋನ್. ಅಪ್ಪನ ಎರಡೂ ಕೆಟ್ಟಿದ್ದರಿಂದ ಅವಳಿಗೂ ಒಂದು ಬಂದೇ ಬಂದಿರುತ್ತದಂತೆ, ಪರೀಕ್ಷೆ ಮಾಡಿಸುತ್ತಾಳಂತೆ. ಇವರ ಮೂಗು, ಇವರ ಮರೆವು, ಈಗ ಇದೂ. ಆಮೇಲೆ ಕೇಳಿದಳು: "ಅಮ್ಮ, ಅಪ್ಪನ ಹತ್ರ ಕ್ಷಮೆ ಕೇಳಿದ್ಯಾ?"

"ಹಾಲು ಉಕ್ತಾ ಇದೆ" ಎಂದು ಫೋನ್ ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಏಪ್ರಿಲ್ 18, ಗುರುವಾರ

ಮತ್ತೆ ಬೆಳಗಿನ ಪಾಳಿ. ತುಂಬಿದ ಬಸ್ಸು, ನಡುವಯಸ್ಸಿನ ಒಬ್ಬ, ಕೈಯಲ್ಲಿ ಹಕ್ಕಿಯ ಖಾಲಿ ಪಂಜರ. "ತಗೊಂಡಿದ್ದೆ ಮೇಡಂ, ಇಲ್ಲೇ ಎಲ್ಲೋ ಬಿತ್ತು." ಕಿಟಕಿಯ ಕಡೆ ನೋಡಿದ. ಪಕ್ಕಾ ಕಳ್ಳನ ಲಕ್ಷಣ.

ಚಾಲಕ ಹಾರನ್ ಒತ್ತುತ್ತಿದ್ದ, ಜನ ಗೊಣಗುತ್ತಿದ್ದರು. ಸೀಟಿನ ಕೆಳಗೆ ಬಗ್ಗಿ ಹುಡುಕಿದೆ. ಹಿಂದಿನ ಸೀಟಿನವರ ಕಾಲೆತ್ತಿಸಿ ನೋಡಿದೆ. ಪಂಜರದ ತಟ್ಟೆ ಎಳೆದೆ. ಸಿಗಲಿಲ್ಲ. ಕೆಳಗಿಳಿಸಿದೆ. ಎಲ್ಲ ಸೇರಿ ಐದು ನಿಮಿಷ ದಂಡ. ಬಗ್ಗಿದ್ದಕ್ಕೆ ಸೊಂಟ ಹಿಡಿದುಕೊಂಡಿದೆ. ಇಂಥವನಿಗಾಗಿ ಅಷ್ಟು ಹುಡುಕಿದ್ದು ಯಾಕೋ ನನಗೇ ತಿಳಿಯದು.

ಏಪ್ರಿಲ್ 28, ಭಾನುವಾರ

ಗಡಿಯಾರ ರಿಪೇರಿಯವನು ಎರಡೂವರೆ ತಿಂಗಳಿಂದ ಕಾಯುತ್ತಿದ್ದಾನಂತೆ, ಅಂಗಡಿಯ ಹೆಸರು ಬೇರೆಯವರ ಕೈಯಲ್ಲಿ ಬರೆಸುವುದಿಲ್ಲವಂತೆ. ಬರೆಯಬೇಕಾದ್ದು ಬಾಗಿಲ ಮೇಲಿನ ಗೋಡೆಗೆ. ಇವರು ವಾರವೆಲ್ಲ ಮೇಜಿನ ಮುಂದೆ ಕೂತು ದಪ್ಪ ಕಾಗದದಲ್ಲಿ ಅಕ್ಷರದ ಅಚ್ಚು ಕತ್ತರಿಸಿದರು. ಕತ್ತರಿಸಿ ಮುಗಿದ ಮೇಲೆ, ಏಣಿ ಹತ್ತುವವರು ಯಾರು ಎಂದು ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಬೆಳಿಗ್ಗೆ ನಾನು ಹಳೆಯ ಬಟ್ಟೆ ಹಾಕಿಕೊಂಡೆ.

ಇವರು ರಸ್ತೆಯಾಚೆ ಸ್ಟೂಲಿನ ಮೇಲೆ ಕೂತರು. ನಾನು ಐದನೆಯ ಮೆಟ್ಟಿಲ ಮೇಲೆ. ದಾರಿಹೋಕರೆಲ್ಲ ನಿಂತು ನೋಡಿ ಹೋದರು, ಅವರಿಗೆ ಮಾಡಲು ಬೇರೆ ಏನಿದೆ. "ಕುಂಚ ಅಷ್ಟು ಅದ್ದಬೇಡ. ಮೇಲಿಂದ ಕೆಳಕ್ಕೆ ಎಳಿ. ಉಸಿರು ಹಿಡ್ಕೊಂಡು ಎಳಿ" ಎನ್ನುತ್ತಿದ್ದರು ಇವರು. ನೀಲಿ ಬಣ್ಣ ಮೊಣಕೈವರೆಗೆ ಇಳಿದು ತೋಳು ಸೇರಿತು. 'ಗ' ಹೇಗೋ ಆಯಿತು. 'ಡಿ' ಪರವಾಗಿಲ್ಲ. 'ಯಾ' ಬರೆಯುವಾಗ ಅಚ್ಚು ಜಾರಿತು.

ಗಡಿಯಾರದವನು ಹೊರಗೆ ಬಂದು, ತಲೆಯೆತ್ತಿ ನೋಡಿ, ಒಳಗೆ ಹೋದ.

"ಹೇಗಿದೆ?" ಎಂದೆ, ತಿರುಗದೆ.

ಇವರು ಸ್ಟೂಲಿನಿಂದ ಎದ್ದು, ನಿಧಾನವಾಗಿ ರಸ್ತೆ ದಾಟಿ ಏಣಿಯ ಬುಡಕ್ಕೆ ಬಂದು ನಿಂತರು. ಒಂದು ಕೈ ಏಣಿಗೆ ಕೊಟ್ಟು ಮೇಲೆ ನೋಡಿದರು.

"ಚೆನ್ನಾಗಿದೆ" ಎಂದರು.

'ಯಾ'ದ ಹೊಟ್ಟೆ ಜೋತುಬಿದ್ದದ್ದು ನನಗೇ ಕಾಣುತ್ತಿತ್ತು. ಮೂವತ್ತು ವರ್ಷ ಅಕ್ಷರ ತಿದ್ದಿದ ಕಣ್ಣಿಗೆ ಕಾಣದೆ ಇರುತ್ತದೆಯೇ.

"ಹೌದಾ" ಎಂದೆ. ಕುಂಚ ಅದ್ದಿ 'ರ' ಶುರು ಮಾಡಿದೆ.